ಹಗ್ಗ ಕೈಗೆ ಸುತ್ತಬೇಡಿ

ದಾರಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳು ಈಗಲೂ ಮೊದಲು ನೋಡುವುದು ನನ್ನ ಮುಖವನ್ನಲ್ಲ, ಕೊರಳನ್ನು. "ಟೀಚರ್, ಸೀಟಿ ಎಲ್ಲಿ?" ಎಂದು ಕೇಳುತ್ತಾರೆ. ಗೋವಾದ ಸಾಂಕೋಲೆಯ ಕಾರ್ಖಾನೆಗಳ ಹಿಂಬದಿಯಲ್ಲಿರುವ ಶಾಲೆಗೆ ಪೀಟಿ ಟೀಚರ್ ಆಗಿ ಸೇರಿದ ದಿನ ಕೊರಳಿಗೆ ಹಾಕಿಕೊಂಡ ಸೀಟಿಯನ್ನು ನಿವೃತ್ತಿಯ ದಿನದವರೆಗೂ ಇಳಿಸಿದವಳಲ್ಲ ನಾನು. ಸಂತೆಗೆ ಹೋದರೂ ಅದು ಕೊರಳಲ್ಲೇ. ಒಮ್ಮೆ ಮಡಗಾಂವ್ ಬಸ್ ಸ್ಟ್ಯಾಂಡಿನಲ್ಲಿ ಜನ ಬಸ್ಸಿನ ಬಾಗಿಲಿಗೆ ಮುಗಿಬಿದ್ದಾಗ ಅಭ್ಯಾಸಬಲದಿಂದ ಊದಿಯೇ ಬಿಟ್ಟೆ. ಎಲ್ಲರೂ ಸಾಲಾಗಿ ನಿಂತರು, ಕಂಡಕ್ಟರನೂ ಸೇರಿ. ಈಗ ಆ ಸೀಟಿ ನನ್ನ ಹತ್ತಿರ ಇಲ್ಲ. ಯಾರ ಹತ್ತಿರ ಇದೆ ಎಂದು ಹೇಳಬೇಕಾದರೆ ಒಂದು ಹಗ್ಗದ ವಿಷಯ ಹೇಳಬೇಕು, ಹಗ್ಗಕ್ಕೆ ಮೊದಲು ಇನ್ನೂ ಒಂದೆರಡು ವಿಷಯ ಹೇಳಬೇಕು. ಮೈ ಕಾಯಿಸಿಕೊಳ್ಳದೆ ಓಡಬೇಡಿ ಎಂದು ಜೀವಮಾನವಿಡೀ ಮಕ್ಕಳಿಗೆ ಹೇಳಿದವಳು, ಬರೆಯುವಾಗ ಮಾತ್ರ ಅದನ್ನು ಮರೆಯಬಾರದಲ್ಲ.

ಇದನ್ನು ಬರೆಯಿರಿ ಎಂದು ಗಂಟುಬಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ ರೇಣುಕಾ. ಅವಳೂ ಇದೇ ಕೆಲಸಕ್ಕೆ ಬರಬೇಕೆಂದು ಓದುತ್ತಿದ್ದಾಳೆ. ರೇಣುಕಾ, ಮತ್ತು ಅವಳಂಥ ಇನ್ನುಳಿದವರೇ, ಮೊದಲೇ ಹೇಳಿಬಿಡುತ್ತೇನೆ ಕೇಳಿ: ಸ್ಟಾಫ್ ರೂಮಿನಲ್ಲಿ ನಿಮಗೆ ಮರ್ಯಾದೆ ಕಡಿಮೆ, ಕೆಲಸ ಜಾಸ್ತಿ. ಗಣಿತದ ಪಾಠ ಉಳಿಯಿತೋ, ನಿಮ್ಮ ಪಿರಿಯಡ್ ಹೋಯಿತು. ದೊಡ್ಡವರು ಯಾರಾದರೂ ಶಾಲೆಗೆ ಬಂದರೋ, ಮಕ್ಕಳನ್ನು ಸಾಲಾಗಿ ನಿಲ್ಲಿಸಲು ನೀವೇ ಬೇಕು. ಯಾರಾದರೂ ತಲೆಸುತ್ತಿ ಬಿದ್ದರೆ ವಿಜ್ಞಾನದ ಟೀಚರನ್ನು ಯಾರೂ ಕೂಗುವುದಿಲ್ಲ, ನಿಮ್ಮನ್ನೇ ಕೂಗುತ್ತಾರೆ. ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಪಿರಿಯಡ್ ಮಾತ್ರ ಬಿಟ್ಟುಕೊಡಬೇಡಿ. ನಾನು ಬಿಟ್ಟುಕೊಡಲಿಲ್ಲ ಎಂಬ ಸಿಟ್ಟಿಗೆ ನಮ್ಮ ಗಣಿತದ ಮೇಷ್ಟ್ರು ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಸೊಂಟ ಹಿಡಿದುಕೊಂಡ ದಿನ ತಾವಾಗಿಯೇ ಬಂದು ಮಾತಾಡಿಸಿದರು.

ನಾನೂ ಕೂಲಿಕಾರರ ಮನೆಯವಳೇ. ಅಪ್ಪ ಬಾಗಲಕೋಟೆ ಕಡೆಯಿಂದ ವಾಸ್ಕೋ ಬಂದರಿಗೆ ಹಮಾಲಿ ಮಾಡಲು ಬಂದವನು. ನಮ್ಮ ಶಾಲೆಯ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ವಿಜಾಪುರ, ಬಾಗಲಕೋಟೆ, ಕೊಪ್ಪಳ ಕಡೆಯವರು. ಉಳಿದವರು ಜುವಾರಿ ಹೊಳೆಯ ದಂಡೆಯ ಮೀನುಗಾರರ ಮಕ್ಕಳು. ಮೈದಾನದಲ್ಲಿ ಕನ್ನಡ, ಕೊಂಕಣಿ, ಹಿಂದಿ ಮೂರೂ ಒಟ್ಟಿಗೆ ಓಡುತ್ತಿದ್ದವು. ಬಿದ್ದಾಗ ಮಾತ್ರ ಎಲ್ಲರೂ ಅವರವರ ಭಾಷೆಯಲ್ಲೇ ಅಳುತ್ತಿದ್ದರು.

ಹೊಸದರಲ್ಲಿ ನನ್ನ ತಲೆಯಲ್ಲಿ ಕಾಲೇಜಿನ ಮಾತುಗಳೇ ತುಂಬಿದ್ದವು. ಮೊದಲ ಪಾಲಕರ ಸಭೆಯಲ್ಲಿ ಎದ್ದು ನಿಂತು, ದಮ್ಮು, ಬಲ, ಮೈಯ ಬಾಗುವಿಕೆ, ಸಮತೋಲ ಎಂದು ಭಾಷಣ ಮಾಡಿ, "ದೊಡ್ಡವರೂ ದಿನಾ ಸ್ವಲ್ಪ ಹೊತ್ತು ವ್ಯಾಯಾಮ ಮಾಡಬೇಕು" ಎಂದು ಮುಗಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಎದ್ದ. ಮಾಬೂಸಾಬ ಅಂತ, ಗೌಂಡಿ, ಕಟ್ಟಡ ಕಟ್ಟುವುದರಲ್ಲಿ ಸುತ್ತಲ ಸೈಟುಗಳಲ್ಲೆಲ್ಲ ಹೆಸರಾದವನು.

"ಅಕ್ಕೋರ, ಬೆಳಗಿನಿಂದ ಸಂಜಿತನಾ ಇಟ್ಟಂಗಿ ಹೊತಗೊಂಡು ಮಾಳಿಗಿ ಹತ್ತಿ ಇಳಿಯೂ ಮಂದಿ ನಾವು. ಇನ್ನ ವ್ಯಾಯಾಮ ಯಾವಾಗ ಮಾಡೂಣ್ರಿ, ಕನಸಿನ್ಯಾಗ?"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನನಗೂ ನಗು ಬಂತು, ಜೊತೆಗೆ ಹಟವೂ ಬಂತು. "ಹಂಗಾರ ಮುಂದ ಬರ್ರಿ, ಎರಡೂ ಕೈ ಮ್ಯಾಲೆತ್ತಿ ಕಿವಿಗೆ ಹಚ್ರಿ" ಎಂದೆ. ಎಡಗೈ ಕಿವಿಗೆ ತಾಗಿತು. ಇಷ್ಟು ವರ್ಷ ಗಾರೆ ಬಳಿಯುವ ಕರಣಿ ಹಿಡಿದ ಬಲಗೈ ಭುಜದ ಹತ್ತಿರವೇ ನಿಂತುಬಿಟ್ಟಿತು. ಅವನಿಗೇ ಆಶ್ಚರ್ಯ. ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ. ಭಾಷಣದಲ್ಲಿ ಹೇಳಲಾಗದ್ದು ಅವನ ಭುಜ ಹೇಳಿತು. ಕೆಲಸ ಮೈಯನ್ನು ಒಂದೇ ಕಡೆ ದುಡಿಸುತ್ತದೆ, ವ್ಯಾಯಾಮ ಅದನ್ನು ಮತ್ತೆ ಸರಿತೂಗಿಸುತ್ತದೆ. ಹಿಡಿದದ್ದನ್ನು ಸಡಿಲಿಸುವುದೂ ವ್ಯಾಯಾಮವೇ ಎಂದು ಅವತ್ತು ನಾನೂ ಕಲಿತೆ. ಆಮೇಲಿನಿಂದ ಮಾಬೂಸಾಬ ಸೈಟಿನಲ್ಲಿ ಊಟದ ಹೊತ್ತಿಗೆ ಗೋಡೆಗೆ ಬೆರಳು ಹಚ್ಚಿ ಮೆಲ್ಲಗೆ ಮೇಲಕ್ಕೆ ನಡೆಸುತ್ತ ಭುಜ ಸಡಿಲಿಸತೊಡಗಿದ. ರಸ್ತೆಯಲ್ಲಿ ನಾನು ಕಂಡರೆ ಸಾಕು, ನಮಸ್ಕಾರದ ಬದಲು ಕೈ ಎತ್ತಿ ಕಿವಿ ಮುಟ್ಟಿ ತೋರಿಸುತ್ತಿದ್ದ.

ನನ್ನ ಹೆಡ್‌ಮಾಸ್ಟರುಗಳ ಪೈಕಿ ನೆನಪಿನಲ್ಲಿ ಉಳಿದವರು ಪಿಂಟೋ ಸರ್. ಶಿಸ್ತಿನ ಮನುಷ್ಯ, ಎಂಥ ಸೆಕೆಯಲ್ಲೂ ಕೋಟು. ಅವರ ಪ್ರಕಾರ ಆಟದ ನಡುವೆ ನೀರು ಕುಡಿದರೆ ಮಕ್ಕಳು ಮೆತ್ತಗಾಗುತ್ತಾರೆ. ಅವರ ಕಾಲದ ಡ್ರಿಲ್ ಮಾಸ್ತರರು ಹಾಗೆಯೇ ಹೇಳಿಕೊಟ್ಟಿದ್ದರಂತೆ. ನಾನು ಎಷ್ಟೋ ಸಲ ವಾದ ಮಾಡಿ ನೋಡಿದೆ. "ಟೀಚರ್, ಮೊದಲು ಓಟ, ಆಮೇಲೆ ನೀರು" ಎಂದು ಕೋಟಿನ ಗುಂಡಿ ಹಾಕಿಕೊಂಡು ಹೊರಟುಬಿಡುತ್ತಿದ್ದರು.

ಗೋವಾದಲ್ಲಿ ಮಳೆ ನಿಂತ ಮೇಲೆ ಒಂದು ಬಿಸಿಲು ಬರುತ್ತದೆ. ಬೇಸಗೆಯದಕ್ಕಿಂತ ಅದು ಕೆಟ್ಟದ್ದು. ಗಾಳಿಯಲ್ಲೇ ನೀರಿರುವುದರಿಂದ ಬೆವರು ಆರುವುದಿಲ್ಲ, ಮೈಯ ಕಾವು ಹೊರಗೆ ಹೋಗಲು ದಾರಿ ಇರುವುದಿಲ್ಲ. ಅಂಥ ಒಂದು ದಿನ ಕವಾಯತಿನ ಅಭ್ಯಾಸ. ವಂದನೆ ಸ್ವೀಕರಿಸಲು ಪಿಂಟೋ ಸರ್ ಕೋಟು ಟೈ ಸಮೇತ ಕಟ್ಟೆಯ ಮೇಲೆ ನಿಂತರು. ಮೂರನೆಯ ಸಾಲು ದಾಟುವಾಗ ಅವರ ಸೆಲ್ಯೂಟ್ ಕೈ ಮೆಲ್ಲಗೆ ಇಳಿಯಿತು. ಹಿಂದೆಯೇ ಅವರೂ ಇಳಿದು ಕಟ್ಟೆಯ ಮೇಲೆ ಕೂತುಬಿಟ್ಟರು. ಮಾವಿನ ಮರದ ನೆರಳಿಗೆ ಒಯ್ದು ಮಲಗಿಸಿ, ಕೋಟು ಬಿಚ್ಚಿ, ಟೈ ಸಡಿಲಿಸಿ, ಕುತ್ತಿಗೆಗೆ ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕಿದೆವು. ಚೆನ್ನಾಗಿ ಎಚ್ಚರವಾಗಿ ಮಾತಾಡಿದ ಮೇಲೆ ಗುಟುಕು ಗುಟುಕಾಗಿ ನೀರು ಕೊಟ್ಟೆವು. ಅವರ ಮೊದಲ ಮಾತು: "ಟೀಚರ್, ನೀರಿಗೂ ಒಂದು ಗಂಟೆ ಇಡೋಣ." ಮರುದಿನದಿಂದ ನೀರಿನ ಗಂಟೆ ಶುರುವಾಯಿತು. ಅದನ್ನು ಅವರೇ ಬಾರಿಸುತ್ತಿದ್ದರು, ಕೋಟು ಇಲ್ಲದೆ. ಬಾಯಾರಿಕೆ ಆಗುವ ಮೊದಲೇ ನೀರು ಕುಡಿಸಬೇಕು ಎಂದು ಆಮೇಲೆ ನನಗೇ ಉಪದೇಶ ಮಾಡತೊಡಗಿದರು. ನಾನು ಹೊಸದಾಗಿ ಕೇಳುತ್ತಿರುವವಳಂತೆ ತಲೆಯಾಡಿಸುತ್ತಿದ್ದೆ.

ಕಾಲ ಹೋದಂತೆ ನಮ್ಮ ಕೆಲಸದ ಹೆಸರು ಬದಲಾಗುತ್ತ ಹೋಯಿತು. ಡ್ರಿಲ್ ಇದ್ದದ್ದು ಪೀಟಿ ಆಯಿತು, ಪೀಟಿ ದೈಹಿಕ ಶಿಕ್ಷಣವಾಯಿತು, ಕೊನೆಗೆ 'ವೆಲ್‌ನೆಸ್' ಎಂಬ ಮಾತು ಬಂತು. ಅದರ ತರಬೇತಿಗೆ ಪಣಜಿಗೆ ಕರೆಸಿದರು. ಚುರುಕಾದ ಒಬ್ಬ ಹುಡುಗ ನಮ್ಮನ್ನೆಲ್ಲ ಚಾಪೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಸಮುದ್ರವನ್ನು ನೆನೆಯಿರಿ ಎಂದ. ಬಿಸಿಲಲ್ಲಿ ಕೂಗಿ ಕೂಗಿ ಸೋತ ಪೀಟಿ ಟೀಚರುಗಳು ನಾವು, ಸಮುದ್ರ ನೆನಪಾಗುವ ಮೊದಲೇ ಗೊರಕೆ ಹೊಡೆದೆವು. ಅವನು ಬಹಳ ಸಂತೋಷಪಟ್ಟ. ನಗುವುದೊಂದು ಕಡೆ ಇರಲಿ, ಅವತ್ತು ನನಗೆ ಹೊಳೆದದ್ದು ನಿದ್ದೆಯ ಮಾತು. ಮೈದಾನದಲ್ಲಿ ಜೋಲುಮೋರೆ ಹಾಕಿಕೊಂಡು ನಿಲ್ಲುತ್ತಿದ್ದ ಮಕ್ಕಳನ್ನು ನಾನು ಸೋಮಾರಿಗಳು ಎನ್ನುತ್ತಿದ್ದೆ. ವಿಚಾರಿಸಿದರೆ ಒಂದೇ ಕೋಣೆಯ ಮನೆ, ದೊಡ್ಡವರು ಟೀವಿ ಆರಿಸುವವರೆಗೆ ಮಕ್ಕಳು ಮಲಗುವಂತಿಲ್ಲ. ಅಂದಿನಿಂದ ಪಾಲಕರ ಸಭೆಯಲ್ಲಿ ವ್ಯಾಯಾಮದ ಭಾಷಣ ಕಡಿಮೆ ಮಾಡಿ, ಟೀವಿಯ ಮೇಲೆ ಜಗಳ ಜಾಸ್ತಿ ಮಾಡಿದೆ.

ಇನ್ನು ಕಾಶವ್ವನ ಮಾತು. ಕಾಶವ್ವ ಈ ರೇಣುಕಾಳ ತಾಯಿ. ಅವಳ ಪರಿಚಯವಾದದ್ದೇ ಜಗಳದಿಂದ. ಮಡಗಾಂವ್‌ನಲ್ಲಿ ಶಾಲೆಗಳ ಓಟದ ಸ್ಪರ್ಧೆ ಇತ್ತು, ನಮ್ಮ ಹುಡುಗಿಯರ ರಿಲೇ ತಂಡ ಗೆಲ್ಲುತ್ತದೆಂದು ನನಗೆ ಖಾತ್ರಿ ಇತ್ತು. ಬೆಳಿಗ್ಗೆ ಬಸ್ಸು ಹೊರಡುವಾಗ ಕಾಶವ್ವ ಓಡಿಬಂದು ಮಗಳ ಕೈಗೆ ಒಂದು ಡಬ್ಬಿ ಕೊಟ್ಟಳು. ನಾನು ಮಕ್ಕಳ ತಲೆ ಎಣಿಸುವುದರಲ್ಲಿದ್ದೆ. ಡಬ್ಬಿಯಲ್ಲಿ ಇದ್ದದ್ದು ಹೋಳಿಗೆ, ಮೇಲೆ ತುಪ್ಪ. ರೇಣುಕಾ ಒಬ್ಬಳೇ ತಿಂದಿದ್ದರೆ ಒಬ್ಬಳಷ್ಟೇ ಕೆಡುತ್ತಿದ್ದಳು. ಒಳ್ಳೆಯ ಹುಡುಗಿ, ತಂಡಕ್ಕೆಲ್ಲ ಹಂಚಿದಳು. ಓಟದಲ್ಲಿ ಮೂವರು ಪಕ್ಕೆ ಹಿಡಿದುಕೊಂಡೇ ಓಡಿದರು. ಕೊನೆಯಲ್ಲಿ ಓಡಿದ ರೇಣುಕಾ ಗೆರೆ ದಾಟಿದವಳು ನಿಲ್ಲದೆ ಸೀದಾ ಚರಂಡಿಯವರೆಗೆ ಓಡಿ ಎಲ್ಲ ಕಕ್ಕಿದಳು. ನಮಗೆ ಕಡೆಯ ಸ್ಥಾನ ಬಂತು. ಹೋಳಿಗೆ ಮಾತ್ರ ಭಾಳ ಚಲೋ ಇತ್ತು ಎಂದು ನಾಲ್ವರೂ ಸಾಕ್ಷಿ ಹೇಳಿದರು.

ಸಂಜೆ ಬೈಯುವುದಕ್ಕೆಂದೇ ಅವರ ಮನೆಗೆ ಹೋದೆ. ಕಾಶವ್ವ ನನಗಿಂತ ಮೊದಲೇ ಬಾಯಿ ತೆರೆದಳು.

"ಖಾಲಿ ಹೊಟ್ಟೀಲೆ ಓಡಸ್ತಾರೇನ್ರಿ ಅಕ್ಕೋರ ಮಕ್ಕಳನ್ನ? ಊರಾಗ ನಾವು ಎತ್ತಿಗೂ ಮೇವು ಹಾಕೇ ನೊಗಕ್ಕ ಹೂಡೂದ್ರಿ."

"ಮೇವು ತಿಂದ ಮ್ಯಾಲ ಎತ್ತಿಗೆ ಮೆಲುಕು ಹಾಕಾಕ ಬಿಡ್ತೀರೋ ಇಲ್ಲೋ?"

"ಬಿಡ್ತೀವ್ರಿ" ಎಂದಳು, ಸಣ್ಣ ದನಿಯಲ್ಲಿ.

"ಮತ್ತ ಕೂಸಿಗೂ ಅಷ್ಟು ಹೊತ್ತು ಬಿಡಬೇಕೋ ಬ್ಯಾಡೋ?"

ಕಾಶವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ಓಟಕ್ಕೆ ಎರಡು ತಾಸು ಮೊದಲು ಬಾಳೆಹಣ್ಣೋ ಅವಲಕ್ಕಿಯೋ ಹಗುರಾಗಿ ತಿನ್ನಬೇಕು, ಹೋಳಿಗೆ ಗೆದ್ದ ಮೇಲೆ ಎಂದು ಒಪ್ಪಂದವಾಯಿತು. ಹೊರಡುವಾಗ ಅವಳ ಗುಡಿಸಲಿನ ಹಿಂಗೋಡೆ ಕಣ್ಣಿಗೆ ಬಿತ್ತು. ಅರ್ಧ ಗೋಡೆಗೆ ಹಸಿ ಪ್ಲಾಸ್ಟರು, ಪಕ್ಕದಲ್ಲಿ ಒಂದು ಹಳೆಯ ಕರಣಿ. ಯಾರು ಮಾಡಿದ್ದು ಎಂದರೆ ನಾಚಿಕೊಂಡು, "ನಾನಾರೀ, ಕಲಿಯಾಕತ್ತೇನಿ" ಎಂದಳು.

ಕಟ್ಟಡದ ಕೆಲಸದಲ್ಲಿ ಹೆಂಗಸರೆಂದರೆ ಹೊರುವವರು. ಸಿಮೆಂಟಿನ ಮಾಲು ಕಲೆಸುವುದು, ಬುಟ್ಟಿ ಹೊರುವುದು, ಹಗ್ಗ ಜಗ್ಗುವುದು. ಕರಣಿ ಹಿಡಿಯುವವರು ಗಂಡಸರು. ಕಾಶವ್ವನಿಗೆ ಗೌಂಡಿ ಆಗಬೇಕಿತ್ತು. ಮಾಬೂಸಾಬ, ಮೊದಲು ನಕ್ಕು ಆಮೇಲೆ ಅವಳ ಹಟ ನೋಡಿ, ಕೆಲಸ ಮುಗಿದ ಮೇಲೆ ಕಲಿಸತೊಡಗಿದ್ದ. ಮುಂದಿನ ವರ್ಷ ಅವನೇ ಠೇಕೇದಾರನಿಗೆ ಗಂಟುಬಿದ್ದು ಒಂದು ಅವಕಾಶ ಕೊಡಿಸಿದ. ಹೊಸ ಕಟ್ಟಡದ ಒಂದು ಗೋಡೆಯನ್ನು ಕಾಶವ್ವ ಒಬ್ಬಳೇ ಪ್ಲಾಸ್ಟರ್ ಮಾಡಬೇಕು. ನೆಟ್ಟಗೆ ಬಂದರೆ ಅವಳು ಗೌಂಡಿ, ಇಲ್ಲವಾದರೆ ಮತ್ತೆ ಬುಟ್ಟಿ. "ಒಮ್ಮೆ ನೋಡ್ತೀನಿ, ಇನ್ನೊಮ್ಮೆ ಕೇಳಬ್ಯಾಡ್ರಿ ಅಂದಾನ್ರಿ" ಎಂದು ಕಾಶವ್ವ ನನಗೆ ಹೇಳಿದಳು. ಗೋಡೆಗೆ ನಿಗದಿಯಾದ ದಿನ ಸೋಮವಾರ. ಅದಕ್ಕೆ ಹಿಂದಿನ ಶನಿವಾರ ನಮ್ಮ ಶಾಲೆಯ ಕ್ರೀಡಾದಿನ.

ಕ್ರೀಡಾದಿನದ ಕೊನೆಯ ಸ್ಪರ್ಧೆ ತಾಯಂದಿರ ಹಗ್ಗ ಜಗ್ಗಾಟ. ಒಂದು ಕಡೆ ನಮ್ಮ ಕೂಲಿಕಾರರ ವಸತಿಯ ಹೆಂಗಸರು, ಇನ್ನೊಂದು ಕಡೆ ಹೊಳೆದಂಡೆಯ ಮೀನುಗಾರ ಹೆಂಗಸರು. ಅವರ ಮುಂದಾಳು ಫಿಲೋಮಿನಾ ಎಂಬ ಗಟ್ಟಿಗಿತ್ತಿ. ಬಲೆ ಎಳೆದು ಪಳಗಿದ ಅವರು ಪ್ರತಿ ವರ್ಷ ಗೆಲ್ಲುತ್ತಿದ್ದರು, ನಮ್ಮವರು ಪ್ರತಿ ವರ್ಷ ಮಣ್ಣುಮುಕ್ಕುತ್ತಿದ್ದರು. ಆ ವರ್ಷ ಮಾತ್ರ ನಮ್ಮವರು ಅಭ್ಯಾಸಕ್ಕೆ ಬಂದರು. ಚಪ್ಪಲಿ ಬಿಡಿಸಿದೆ, ಮಂಡಿ ಬಗ್ಗಿಸಿ ಕಾಲಿನ ಬಲದಿಂದ ಜಗ್ಗಬೇಕು, ಸೊಂಟದಿಂದಲ್ಲ ಎಂದೆ. ಉಸಿರು ಬಿಗಿಹಿಡಿಯಬಾರದು ಎಂದೆ. ಮಾಬೂಸಾಬನ ಹೆಂಡತಿ ಖಾಜಾಬಿಯ ಗಂಟಲು ದೊಡ್ಡದು. ಸೈಟಿನಲ್ಲಿ ಭಾರ ಸರಿಸುವಾಗ ಕೂಗುವ ಹಾಗೆ "ಐಸಾ" ಎಂದು ಅವಳು ಕೂಗಿದರೆ ಎಲ್ಲರೂ "ಹೈಸಾ" ಎಂದು ಉಸಿರು ಬಿಟ್ಟು ಒಟ್ಟಿಗೆ ಜಗ್ಗುವುದು ಎಂದಾಯಿತು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. "ಬಳಿ ತೆಗೀರಿ, ಒಡೆದು ಕೈಗೆ ಚುಚ್ಚತಾವ" ಎಂದೆ ನೋಡಿ, ನನ್ನನ್ನು ತಿಂದುಹಾಕುವ ಹಾಗೆ ನೋಡಿದರು. ಗಂಡ ಬದುಕಿರುವಾಗ ಬಳೆ ತೆಗಿ ಎನ್ನುವ ಮಾತೇ? ಕೂಲಿಕಾರರ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟು ತಿಳಿಯಬಾರದೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಕೊನೆಗೆ ಹಳೆಯ ಸೀರೆ ಹರಿದು ಬಳೆಗಳ ಮೇಲೆ ಪಟ್ಟಿ ಕಟ್ಟಿದೆವು.

ಸಾಲಿನ ಕೊನೆಯಲ್ಲಿ ಕಾಶವ್ವ. ಇಡೀ ತಂಡದ ಭಾರ ತಡೆಯುವ ಜಾಗ ಅದು. ಮೊದಲ ಜಗ್ಗಿಗೇ ನಾನು ನೋಡಿದೆ, ಅವಳ ಬಲಗೈ ಹಗ್ಗವನ್ನು ಎರಡು ಸುತ್ತು ಸುತ್ತಿಕೊಂಡಿತ್ತು. ಬಿಚ್ಚಿಸಿದೆ. ಮತ್ತೆ ಸುತ್ತಿದಳು. ಮೂರನೆಯ ಸಲ ಸಿಟ್ಟು ಬಂದು ಅವಳ ಕೈಯನ್ನೇ ಹಿಡಿದುಕೊಂಡು, "ಇದೇನವಾ ಹಟ ನಿಂದು?" ಎಂದೆ.

"ಹಟ ಅಲ್ರಿ ಅಕ್ಕೋರ. ಮ್ಯಾಲಿನ ಮಾಳಿಗಿಗೆ ಮಾಲಿನ ಬಕೀಟ ಜಗ್ಗೂ ಮುಂದ ಹಗ್ಗ ಜಾರಿತಂದ್ರ ಕೆಳಗ ನಿಂತವರ ತಲಿ ಮ್ಯಾಲ ಬೀಳತೈತ್ರಿ. ಅದಕ್ಕ ಸುತಗೊಂತೀವಿ. ಹೋದ್ರ ನಮ್ಮ ಕೈ ಅಷ್ಟ ಹೋಗತೈತಿ, ಅವರ ಜೀವ ಉಳೀತೈತಿ."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಇಂಥ ತಪ್ಪನ್ನು ತಪ್ಪು ಎಂದು ಯಾವ ಬಾಯಿಂದ ಹೇಳುವುದು? ಆದರೂ ಹೇಳಬೇಕಿತ್ತು. "ಇಲ್ಲಿ ಕೆಳಗ ಯಾರೂ ನಿಂತಿಲ್ಲ ಕಾಶವ್ವಾ. ಹಗ್ಗ ಹೋದ್ರ ಹೋಗಲಿ. ಅಷ್ಟು ಮಂದಿ ಒಮ್ಮೆಲೆ ಜಗ್ಗಿದ್ರ ಸುತ್ತಿದ ಹಗ್ಗದಾಗ ಬೆರಳು ಮುರೀತಾವ, ಕಿತ್ತೂ ಬರತಾವ. ಈ ವರ್ಷ ನೀ ಜಗ್ಗೂದ ಬ್ಯಾಡ. ಸೋಮವಾರ ಕರಣಿ ಯಾವ ಕೈಲೆ ಹಿಡಿತೀ?"

"ಬ್ಯಾಡ ಅನಬ್ಯಾಡ್ರಿ. ಪ್ರತಿ ವರ್ಷ ಮಗಳ ಮುಂದ ಮಣ್ಣಾಗ ಬಿದ್ದೇನಿ. ಈ ವರ್ಷ ಆಕಿ ಸಾಲಿ ಮುಗೀತೈತಿ. ಒಮ್ಮೆರೆ ನಿಂತು ತೋರಸ್ತೀನ್ರಿ. ಸುತ್ತಂಗಿಲ್ಲ, ಖರೇ ಹೇಳತೀನಿ."

ಅವಳು ಖರೆಯೇ ಹೇಳಿದ್ದಳು. ಆದರೆ ಮಾತು ಕೊಟ್ಟದ್ದು ಬಾಯಿ, ಸುತ್ತುವುದು ಕೈ. ಎಷ್ಟೋ ವರ್ಷ ಮಾಡಿದ ಕೆಲಸ ಕೈಯಲ್ಲಿ ಕೂತುಬಿಟ್ಟಿರುತ್ತದೆ, ಒಂದು ಮಾತಿಗೆ ಎದ್ದುಹೋಗುವುದಿಲ್ಲ. ಹಾಗಾಗಿ ಆ ವಾರವಿಡೀ ನಾನು ಕಲಿಸಿದ್ದು ಹಗ್ಗ ಬಿಡುವುದನ್ನು. ಜಗ್ಗುತ್ತಿರುವಾಗ ಸೀಟಿ ಊದುವುದು, ಊದಿದ ಕೂಡಲೇ ಎಲ್ಲರೂ ಅಂಗೈ ಬಿಚ್ಚುವುದು. ಫಿಲೋಮಿನಾಳ ಕಡೆಯವರಿಂದಲೂ ಅದನ್ನೇ ಮಾಡಿಸಿದೆ, ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹಿಡಿದರೆ ಬೀಳುವ ಪೆಟ್ಟು ಬೇರೆ. ಕಂಪೌಂಡಿನ ಮೇಲೆ ಕೂತ ಗಂಡಸರಿಗೆ ಇದು ಪುಕ್ಕಟೆ ನಾಟಕ.

"ಅಕ್ಕೋರ, ಜಗ್ಗೂದು ಕಲಸ್ರಿ ಅಂದ್ರ ಬಿಡೂದು ಕಲಸಾಕತ್ತೀರಲ್ರಿ!" ಎಂದು ಮಾಬೂಸಾಬ ಕೂಗಿದ.

"ನಿಮ್ಮ ಭುಜಕ್ಕ ಏನ ಕಲಿಸಿದ್ದೆ, ನೆನಪೈತೇನ್ರಿ?" ಎಂದೆ. ಅವನು ಕೈ ಎತ್ತಿ ಕಿವಿ ಮುಟ್ಟಿ ತೋರಿಸಿದ.

ಶನಿವಾರ ಬಂತು. ನೆಲಕ್ಕೆ ಉಸುಕು ಹಾಸಿಸಿದ್ದೆ. ನಡುವಿನ ಅಂಪೈರ್ ನಾನೇ. ಎಲ್ಲರಿಗೂ ಕೇಳುವ ಹಾಗೆ ನಿಯಮ ಹೇಳಿದೆ: ಯಾರಾದರೂ ಹಗ್ಗ ಕೈಗೆ ಸುತ್ತಿದರೆ ಆ ತಂಡ ಸೋತಂತೆ. ಮೂರು ಜಗ್ಗಾಟಗಳಲ್ಲಿ ಮೊದಲನೆಯದು ಫಿಲೋಮಿನಾಳ ಕಡೆಗೆ ಹೋಯಿತು. ಎರಡನೆಯದು, ಖಾಜಾಬಿಯ "ಐಸಾ" ಕೇಳಿ ಕೇಳಿ ಮಕ್ಕಳೂ "ಹೈಸಾ" ಎನ್ನುತ್ತಿರುವಾಗ, ನಮ್ಮವರಿಗೆ ಬಂತು. ವಸತಿಯ ಮಂದಿ ಹುಚ್ಚೆದ್ದು ಕುಣಿದರು.

ಮೂರನೆಯದರಲ್ಲಿ ಹಗ್ಗದ ನಡುವೆ ಕಟ್ಟಿದ ಕೆಂಪು ಬಟ್ಟೆ ನಮ್ಮ ಕಡೆಗೇ ಬರುತ್ತಿತ್ತು. ಆಗ ಖಾಜಾಬಿಯ ಕಾಲು ಜಾರಿತು. ಸಾಲು ಒಮ್ಮೆ ಮುಗ್ಗರಿಸಿತು. ಹಗ್ಗ ಕಾಶವ್ವನ ಅಂಗೈಯಿಂದ ಜಾರತೊಡಗಿತು, ಅವಳ ಬಲಗೈ ತಟ್ಟನೆ ತಿರುಗಿ ಒಂದು ಸುತ್ತು ಹಾಕಿಕೊಂಡಿತು. ನನ್ನನ್ನು ಬಿಟ್ಟು ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ಕೆಂಪು ಬಟ್ಟೆಯ ಮೇಲೆ. ಅವಳು ತಡೆದು ನಿಂತಳು, ಸಾಲು ಸಾವರಿಸಿಕೊಂಡಿತು, ಬಟ್ಟೆ ಮತ್ತೆ ನಮ್ಮ ಕಡೆ ಬರತೊಡಗಿತು. ಇನ್ನೊಂದು ಗೇಣು ಬಂದರೆ ಗೆದ್ದಂತೆ. ಪಕ್ಕದಲ್ಲಿ ನಿಂತ ರೇಣುಕಾ "ಟೀಚರ್, ಗೆದ್ವಿ! ಅವ್ವ ಗೆದ್ದಳು!" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಒಂದು ಗಳಿಗೆ ಕಣ್ಣುಮುಚ್ಚಿಕೊಂಡರೆ ನಮ್ಮವರು ಗೆಲ್ಲುತ್ತಾರೆ. ಆ ಒಂದು ಗಳಿಗೆಯಲ್ಲೇ ಆ ಸುತ್ತು ಬಿಗಿದರೆ ಸೋಮವಾರದ ಗೋಡೆ ಹೋಯಿತು. ನಾನು ಇದ್ದಬಿದ್ದ ಉಸಿರೆಲ್ಲ ಹಾಕಿ ಸೀಟಿ ಊದಿದೆ.

ಎರಡೂ ಸಾಲಿನ ಹೆಂಗಸರು ಅಂಗೈ ಬಿಚ್ಚಿ ದಬದಬ ಉಸುಕಿನಲ್ಲಿ ಕೂತರು. ಕಾಶವ್ವನ ಕೈಯೂ ಬಿಚ್ಚಿತ್ತು. ಸುತ್ತು ಬಿಡಿಸಿಕೊಂಡು ಹೋಗುವಾಗ ಅಂಗೈಯ ಚರ್ಮ ಸುಲಿದುಕೊಂಡು ಹೋಗಿತ್ತು, ಅಷ್ಟೇ. ನಾನು ಆ ಕೈಯನ್ನು ಎತ್ತಿ ಎಲ್ಲರಿಗೂ ತೋರಿಸಿ, ಹೊಳೆದಂಡೆಯವರು ಗೆದ್ದರು ಎಂದೆ. ವಸತಿಯ ಕಡೆಯಿಂದ ಒಂದು ಚಪ್ಪಾಳೆಯೂ ಇಲ್ಲ.

"ಗೆದ್ದಿದ್ವಲ್ರಿ ಅಕ್ಕೋರ" ಎಂದಳು ಕಾಶವ್ವ. ಕಣ್ಣು ತುಂಬಿತ್ತು.

"ಬೆರಳು ಆಡಿಸು."

ಐದೂ ಆಡಿದವು. ಖಾಜಾಬಿ ಎಲ್ಲಿಂದಲೋ ಅರಿಶಿನ ತಂದಳು, ಅದನ್ನು ತಡೆದು, ಹರಿಯುವ ತಣ್ಣೀರಿನಲ್ಲಿ ತೊಳೆದು ಶುದ್ಧ ಬಟ್ಟೆ ಕಟ್ಟಿದೆ. ಕಟ್ಟುತ್ತ ಕೇಳಿದೆ, "ಯಾಕ ಸುತ್ತಿದಿ?"

"ಗೊತ್ತಿಲ್ರಿ. ಹಗ್ಗ ಜಾರಿದ ಕೂಡ್ಲೆ ಕೆಳಗ ಯಾರೋ ನಿಂತಾರ ಅನಿಸಿಬಿಡ್ತು."

ಆ ಸಂಜೆ ನನ್ನ ಜೊತೆ ಮಾತಾಡಿದವರು ಫಿಲೋಮಿನಾ ಒಬ್ಬಳೇ. ಗೆದ್ದ ಕಪ್ ಹಿಡಿದುಕೊಂಡು ಬಂದು, ಕಾಶವ್ವನ ಕೈ ತಿರುಗಿಸಿ ನೋಡಿ, ಆ ಹೆಂಗಸಿನ ಹಿಡಿತ ನಮ್ಮ ದೋಣಿಗೆ ಬೇಕಿತ್ತು ಎಂದು ಕೊಂಕಣಿಯಲ್ಲಿ ಹೇಳಿ ಹೋದಳು. ಮರುದಿನ ಕಾಶವ್ವನಿಗೆ ಒಂದು ಬುಟ್ಟಿ ಮೀನು ಕಳಿಸಿದಳು. ಕಾಶವ್ವನದು ಮೀನು ಮುಟ್ಟದ ಮನೆ, ಬುಟ್ಟಿ ಖಾಜಾಬಿಯ ಮನೆಗೆ ಹೋಯಿತು. ಮಾಬೂಸಾಬ ಹೊಟ್ಟೆ ತುಂಬ ಉಂಡ ಮೇಲೂ, "ನಮ್ಮವರಾಗಿ ನಮ್ಮನ್ನ ಸೋಲಿಸಿದ್ರಿ" ಎಂದು ನನಗೆ ಹೇಳಿ ಕಳಿಸಿದ.

ಸೋಮವಾರ ನನಗೆ ಪಾಠದಲ್ಲಿ ಮನಸ್ಸೇ ಇರಲಿಲ್ಲ. ಶಾಲೆ ಬಿಟ್ಟ ಕೂಡಲೇ ಸೈಟಿಗೆ ಹೋದೆ. ಗೋಡೆ ಮುಗಿದಿತ್ತು. ಕಾಶವ್ವ ಅಂಗೈಗೆ ಬಟ್ಟೆ ಸುತ್ತಿಕೊಂಡು, ಕರಣಿ ಎದೆಗೆ ಹಿಡಿದು ಅಟ್ಟಣಿಗೆಯ ಮೇಲೆ ನಿಂತಿದ್ದಳು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಮಾಬೂಸಾಬ ಮೇಲಿನಿಂದ ತೂಗುಗುಂಡು ಇಳಿಬಿಟ್ಟ. ಠೇಕೇದಾರ ಒಂದು ಕಣ್ಣು ಮುಚ್ಚಿ ನೋಡಿದ. ಎಲ್ಲರೂ ದಾರ ಅಲ್ಲಾಡುವುದು ನಿಲ್ಲುವುದನ್ನೇ ಕಾದರು. ಕಾಶವ್ವನ ಮುಖ ಕೆಂಪಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಕಾಶವ್ವಾ, ಉಸಿರು ಬಿಡವಾ!" ಎಂದು ಕೂಗಿಬಿಟ್ಟೆ.

ಎಲ್ಲರೂ ನಕ್ಕರು, ಠೇಕೇದಾರನೂ. ನಗುತ್ತಲೇ ಅವನು ಗೋಡೆಯ ಮೇಲೆ ಕೈಯಾಡಿಸಿ, "ನಾಳಿಂದ ಬುಟ್ಟಿ ಬ್ಯಾಡ. ಮಾಬೂಸಾಬನ ಬಾಜೂಕ ನಿಲ್ಲು" ಎಂದ. ಕಾಶವ್ವ ಕೆಳಗಿಳಿದು ಬಂದು ಸಿಮೆಂಟು ಮೆತ್ತಿದ ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು. ನಾನು ಅತ್ತುಬಿಟ್ಟೆ, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಶಾಲೆಗೆ ಬಂದ ಯಾವ ಕಪ್ಪೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ನನ್ನ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು, ಭಾಷಣ ಮಾಡಿದರು. ಪಿಂಟೋ ಸರ್ ಕೋಲು ಊರಿಕೊಂಡು ಬಂದು ನೀರಿನ ಗಂಟೆ ತಮ್ಮದೇ ಕಲ್ಪನೆ ಎಂದು ಹೇಳಿ ಕೂತರು. ಆಮೇಲೆ ವಸತಿಯ ಮಂದಿಯನ್ನೆಲ್ಲ ಕಟ್ಟಿಕೊಂಡು ಕಾಶವ್ವ ಬಂದಳು. ಈಗ ಅವಳ ಕೈಕೆಳಗೆ ಅವಳದೇ ಗ್ಯಾಂಗ್ ಇದೆ. "ಭಾಷಣ ಸಾಕ್ರಿ, ಹಗ್ಗ ತರ್ರಿ" ಎಂದಳು. ಟೀಚರುಗಳಿಗೂ ತಾಯಂದಿರಿಗೂ ಜಗ್ಗಾಟ ಎಂದಾಯಿತು. ನನ್ನನ್ನು ಟೀಚರುಗಳ ಸಾಲಿನ ಕೊನೆಗೆ ನಿಲ್ಲಿಸಿದರು. ಸೀಟಿ ಯಾರು ಊದುವುದು ಎಂಬ ಪ್ರಶ್ನೆ ಬಂತು. ನಾನು ಸೀಟಿಯನ್ನು ಕೊರಳಿನಿಂದ ತೆಗೆದು ಕಾಶವ್ವನ ಕೊರಳಿಗೆ ಹಾಕಿದೆ.

ಜಗ್ಗಾಟ ಶುರುವಾಯಿತು. ಎದುರಿಗೆ ಖಾಜಾಬಿಯ ಅದೇ "ಐಸಾ". ಗಣಿತದ ಮೇಷ್ಟ್ರು ಮೊದಲೇ ಮುಗ್ಗರಿಸಿದರು, ಹಗ್ಗ ನನ್ನ ಅಂಗೈಯಲ್ಲಿ ಜಾರಿತು. ಹೇಗೋ ತಡೆದೆ. ಟೀಚರುಗಳು ಹುರುಪಿನಿಂದ ಜಗ್ಗಿದರು, ಕೆಂಪು ಬಟ್ಟೆ ನಮ್ಮ ಕಡೆ ಬರತೊಡಗಿತು. ಗೆದ್ದೆವು ಎನ್ನುವಾಗ ಕಿವಿ ಹರಿಯುವ ಹಾಗೆ ಸೀಟಿ ಕೇಳಿತು. ಎಲ್ಲರೂ ಬಿಟ್ಟರು, ನಾನು ಶಾಲಿನ ಸಮೇತ ಉಸುಕಿನಲ್ಲಿ ಕೂತೆ. ಕಾಶವ್ವ ದಾಪುಗಾಲು ಹಾಕುತ್ತ ಬಂದು ನನ್ನ ಬಲಗೈ ಎತ್ತಿ ಎಲ್ಲರಿಗೂ ತೋರಿಸಿದಳು. ಅಂಗೈಯ ಸುತ್ತ ಹಗ್ಗದ ಕೆಂಪು ಗುರುತು. ನನ್ನಾಣೆ, ಯಾವಾಗ ಸುತ್ತಿದೆನೋ ನನಗೇ ಗೊತ್ತಿಲ್ಲ.

ಮೈದಾನವೆಲ್ಲ ಹೋ ಎಂದು ನಕ್ಕಿತು. ಕಾಶವ್ವ ಮಾತ್ರ ನಗಲಿಲ್ಲ. ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

"ಅಕ್ಕೋರ, ಕೆಳಗ ಯಾರೂ ನಿಂತಿಲ್ರಿ" ಎಂದಳು. "ಬಿಡ್ರಿ ಇನ್ನ."

ಸೀಟಿಯನ್ನು ನಾನು ವಾಪಸ್ ಕೇಳಲಿಲ್ಲ. ಈಗ ನಮ್ಮ ಓಣಿಯ ಕೊನೆಯಲ್ಲಿ ಒಂದು ಹೊಸ ಕಟ್ಟಡ ಏಳುತ್ತಿದೆ, ಗೌಂಡಿ ಕಾಶವ್ವ. ಮಾಲಿನ ಬಕೆಟ್ ಮೇಲೇರುವ ಮೊದಲು ಅವಳು ಸೀಟಿ ಊದುತ್ತಾಳೆ, ನನ್ನ ಮನೆಯವರೆಗೂ ಕೇಳಿಸುತ್ತದೆ. ಕೆಳಗಿದ್ದವರೆಲ್ಲ ದೂರ ಸರಿಯುತ್ತಾರೆ. ಅವರು ಸರಿದ ಮೇಲೆಯೇ ಹೆಂಗಸರು ಹಗ್ಗ ಜಗ್ಗುತ್ತಾರೆ, ಯಾರೂ ಕೈಗೆ ಸುತ್ತಿಕೊಳ್ಳುವುದಿಲ್ಲ.